ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿರುವವರು ಭಾನುವಾರಗಳನ್ನು ಹೇಗೆ ಕಳೆಯುತ್ತೀರಿ?

ಪ್ರಶ್ನೆ

ನಮಸ್ಕಾರ. ಅಕ್ಟೋಬರ್‌ನಲ್ಲಿ ಆರಂಭವಾದ ಚಳಿಗಾಲದ ಸೆಮಿಸ್ಟರ್‌ಗೆ ಡ್ರೆಸ್ಡೆನ್‌ಗೆ ಬಂದು ಸ್ನಾತಕೋತ್ತರ ಪದವಿಗೆ ಸೇರಿದ್ದೇನೆ. ತರಗತಿ, ಪ್ರಯೋಗಾಲಯ, ಮಧ್ಯಾಹ್ನ ಮೆನ್ಸಾದ (ವಿಶ್ವವಿದ್ಯಾಲಯದ ಕ್ಯಾಂಟೀನ್) ಊಟ, ಸಂಜೆಯ ಅಡುಗೆ, ಬಟ್ಟೆ ಒಗೆಯುವ ಯಂತ್ರಕ್ಕಾಗಿ ಕಾಯುವುದು, ಇವುಗಳಲ್ಲಿ ವಾರ ಹೇಗೋ ಕಳೆದುಹೋಗುತ್ತದೆ. ಕಷ್ಟವಾಗುವುದು ಭಾನುವಾರ. ಅಂಗಡಿಗಳು ಮುಚ್ಚಿರುತ್ತವೆ, ವಿದ್ಯಾರ್ಥಿನಿಲಯದಲ್ಲಿ ಮಾತನಾಡಿಸುವವರು ಸಿಗುವುದಿಲ್ಲ, ಡಿಸೆಂಬರ್‌ನಲ್ಲಂತೂ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಬ್ಲಾಕ್ಡ್ ಅಕೌಂಟ್‌ನಿಂದ (ವೀಸಾಕ್ಕಾಗಿ ಮೊದಲೇ ಹಣ ಕಟ್ಟಿಟ್ಟ ಬ್ಯಾಂಕ್ ಖಾತೆ) ತಿಂಗಳಿಗೆ ಬರುವ 992 ಯೂರೊದಲ್ಲಿ ಬಾಡಿಗೆ, ಆರೋಗ್ಯ ವಿಮೆ ಮತ್ತು ದಿನಸಿಯ ಖರ್ಚು ಕಳೆದರೆ ಉಳಿಯುವುದು ಸ್ವಲ್ಪವೇ. ಜೊತೆಗೆ ಬಂದ ಕೆಲವರು ಆಗಲೇ ಪ್ಯಾರಿಸ್, ಆಮ್‌ಸ್ಟರ್‌ಡಾಮ್ ನೋಡಿ ಬಂದಿದ್ದಾರೆ. ಮೊದಲ ಸೆಮಿಸ್ಟರ್‌ನಲ್ಲಿ ತಿರುಗಾಟವೇ ಬೇಡ ಎಂದು ಎಚ್ಚರಿಸುವ ಹಿರಿಯರೂ ಇದ್ದಾರೆ. ಓದಿಗೂ ಹಣಕ್ಕೂ ಹೊರೆಯಾಗದಂತೆ ಹೊರಗೆ ಹೋಗುವುದನ್ನು ನೀವು ಹೇಗೆ ಹೊಂದಿಸಿಕೊಂಡಿದ್ದೀರಿ?

ಉತ್ತರ 1 (ಡ್ರೆಸ್ಡೆನ್, ಮೂರನೆಯ ಸೆಮಿಸ್ಟರ್)

ಪ್ಯಾರಿಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ನಿಮ್ಮ ಸೆಮಿಸ್ಟರ್ ಶುಲ್ಕದಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಸೇರಿದೆಯೇ ಎಂದು ನೋಡಿಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾದ ಈ ಮಾಸಿಕ ಟಿಕೆಟ್‌ನ ದರ 2026ರ ಜನವರಿಯಿಂದ 63 ಯೂರೊ ಆಗಿದೆ. ಆದರೆ ಅನೇಕ ವಿಶ್ವವಿದ್ಯಾಲಯಗಳು ಇದೇ ಟಿಕೆಟ್ಟನ್ನು ಸುಮಾರು ಶೇ 60ರ ದರದಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಒಟ್ಟಿಗೆ ಕೊಡಿಸುತ್ತವೆ. ಅಂಥ ಕಡೆ ನೀವು ಬಳಸಿದರೂ ಬಳಸದಿದ್ದರೂ ಹಣವಂತೂ ಸಂದಾಯವಾಗಿರುತ್ತದೆ. ಅದು ದೇಶದ ಎಲ್ಲ ಪ್ರಾದೇಶಿಕ ರೈಲು, ಎಸ್-ಬಾನ್ (ನಗರ ಮತ್ತು ಸುತ್ತಲಿನ ಊರುಗಳ ಲೋಕಲ್ ರೈಲು), ಟ್ರಾಮ್ ಮತ್ತು ಬಸ್ಸುಗಳಲ್ಲಿ ನಡೆಯುತ್ತದೆ. ದೂರದ ಊರುಗಳ ನಡುವೆ ಓಡುವ ಐಸಿಇ, ಐಸಿ ಎಂಬ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಪ್ರಾದೇಶಿಕ ರೈಲುಗಳನ್ನು ಮಾತ್ರ ತೋರಿಸುವ ಆಯ್ಕೆಯಿದೆ, ಅದನ್ನು ಒತ್ತಿಯೇ ಹುಡುಕಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕನಿಷ್ಠ 60 ಯೂರೊ.

ಡ್ರೆಸ್ಡೆನ್‌ನಲ್ಲಿರುವವರಿಗೆ ಎಸ್1 ಎಂಬ ಒಂದೇ ಎಸ್-ಬಾನ್ ಮಾರ್ಗ ಇಡೀ ಚಳಿಗಾಲಕ್ಕೆ ಸಾಕು. ಅದು ಎಲ್ಬೆ ನದಿಯ ಗುಂಟವೇ ಸಾಗುತ್ತದೆ. ಒಂದು ದಿಕ್ಕಿಗೆ ಹೋದರೆ 1710ರಿಂದ ಪಿಂಗಾಣಿ ತಯಾರಿಸುತ್ತಿರುವ ಮೈಸನ್ ಊರು ಸಿಗುತ್ತದೆ. ಇನ್ನೊಂದು ದಿಕ್ಕಿನಲ್ಲಿ ಪಿರ್ನಾ ದಾಟಿದ ಮೇಲೆ ಮರಳುಗಲ್ಲಿನ ಬಂಡೆಗಳ ಸಾಲು ಆರಂಭವಾಗುತ್ತದೆ. ಕುರೋರ್ಟ್ ರಾಟನ್ ನಿಲ್ದಾಣದಲ್ಲಿ ಇಳಿದು ದೋಣಿಯಲ್ಲಿ ನದಿ ದಾಟಬೇಕು. ತಂತಿಗೆ ಕಟ್ಟಿದ ಆ ದೋಣಿಗೆ ಎಂಜಿನ್ ಬೇಕಿಲ್ಲ, ಹೊಳೆಯ ಸೆಳೆತವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಮೆಕ್ಯಾನಿಕಲ್ ಓದುವವರು ಅದನ್ನು ನೋಡಲೆಂದೇ ಹೋಗಬಹುದು. ಅಲ್ಲಿಂದ ಮೆಟ್ಟಿಲು ಹತ್ತಿದರೆ ನದಿಯಿಂದ 194 ಮೀಟರ್ ಎತ್ತರದಲ್ಲಿ ಬಾಸ್ಟೈ ಬಂಡೆಗಳು ಮತ್ತು 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಬುತ್ತಿಯನ್ನೂ ಫ್ಲಾಸ್ಕಿನಲ್ಲಿ ಚಹಾವನ್ನೂ ಕಟ್ಟಿಕೊಂಡು ಹೋದರೆ ದೋಣಿಯ ಶುಲ್ಕವನ್ನು ಬಿಟ್ಟು ಬೇರೆ ಖರ್ಚಿಲ್ಲ. ಮಂಜು ಬಿದ್ದ ದಿನ ಮೆಟ್ಟಿಲುಗಳು ಜಾರುತ್ತವೆ, ಒಳ್ಳೆಯ ಶೂ ಇರಲಿ. ಈ ಬಂಡೆಗಳಿರುವ ರಾಷ್ಟ್ರೀಯ ಉದ್ಯಾನದಲ್ಲಿ ಗುರುತು ಮಾಡಿದ ದಾರಿ ಬಿಟ್ಟು ನಡೆಯುವುದೂ ಬೆಂಕಿ ಹಾಕುವುದೂ ನಿಷಿದ್ಧ.

ಉತ್ತರ 2 (ಲೈಪ್‌ಜಿಗ್, ಪ್ರಬಂಧ ಬರೆಯುತ್ತಿರುವವರು)

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಹಿರಿಯರ ಎಚ್ಚರಿಕೆಗೂ ಕಾರಣವಿದೆ. ಇಲ್ಲಿನ ಬಹಳಷ್ಟು ಕೋರ್ಸುಗಳಲ್ಲಿ ವಾರವಾರದ ಪರೀಕ್ಷೆ ಇರುವುದಿಲ್ಲ, ಹಾಜರಿಯನ್ನೂ ಯಾರೂ ಕೇಳುವುದಿಲ್ಲ. ಅಕ್ಟೋಬರ್‌ನಿಂದ ಜನವರಿಯವರೆಗೆ ಎಲ್ಲವೂ ನಿರಾಳವಾಗಿ ಕಾಣುತ್ತದೆ, ಫೆಬ್ರುವರಿಯಲ್ಲಿ ಮಾತ್ರ ಇಡೀ ವಿಷಯದ ಅಂಕ ಒಂದೇ ಪರೀಕ್ಷೆಯ ಮೇಲೆ ನಿಲ್ಲುತ್ತದೆ. ಆ ಪರೀಕ್ಷೆಗೆ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು, ಅದಕ್ಕೂ ಕೊನೆಯ ದಿನಾಂಕವಿದೆ. ಮರುಪರೀಕ್ಷೆಗೆ ಸಿಗುವ ಅವಕಾಶಗಳು ಮಿತವಾಗಿವೆ; ಅವು ಮುಗಿದರೆ ಆ ಪದವಿಯ ಓದನ್ನೇ ಬಿಡಬೇಕಾಗುತ್ತದೆ.

ಹಾಗೆಂದು ಕೋಣೆಯಲ್ಲೇ ಕುಳಿತುಕೊಳ್ಳಿ ಎನ್ನುತ್ತಿಲ್ಲ. ಜನವರಿ ಮಧ್ಯದವರೆಗೆ ಒಂದು ಹಗಲಿನಲ್ಲಿ ಮುಗಿಯುವ ಪ್ರಯಾಣಗಳನ್ನು ಮಾಡಿ, ರಾತ್ರಿ ತಂಗಬೇಕಾದದ್ದನ್ನೆಲ್ಲ ಮಾರ್ಚ್‌ಗೆ ಮುಂದೂಡಿ. ಪರೀಕ್ಷೆಗಳು ಮುಗಿದು ಏಪ್ರಿಲ್‌ನಲ್ಲಿ ತರಗತಿಗಳು ಮತ್ತೆ ಆರಂಭವಾಗುವವರೆಗೆ ಬಿಡುವು ಸಿಗುತ್ತದೆ, ಬೇಸಿಗೆಯ ಪ್ರವಾಸಿಗರ ನೂಕುನುಗ್ಗಲೂ ಆಗ ಇರುವುದಿಲ್ಲ. ಸದ್ಯಕ್ಕೆ ಒಂದು ಭಾನುವಾರ ಲೈಪ್‌ಜಿಗ್‌ಗೆ ಬನ್ನಿ, ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಸಂಗೀತ ಸಂಯೋಜಕ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಸಂಗೀತ ನಿರ್ದೇಶಕನಾಗಿದ್ದ ಸೇಂಟ್ ಥಾಮಸ್ ಚರ್ಚ್ ಊರಿನ ನಡುವೆಯೇ ಇದೆ. ಬರುವಾಗ ರೈಲಿನಲ್ಲಿ ಟಿಪ್ಪಣಿಗಳನ್ನು ಓದಬಹುದು ಎಂದು ಎಲ್ಲರೂ ಹೇಳುತ್ತಾರೆ. ಓದಿದವರನ್ನು ನಾನಂತೂ ಕಂಡಿಲ್ಲ.

ಉತ್ತರ 3 (ಡ್ರೆಸ್ಡೆನ್, ಅರೆಕಾಲಿಕ ಕೆಲಸದಲ್ಲಿರುವವರು)

ಭಾನುವಾರ ಬೇಸರ ತರಿಸುವುದಕ್ಕೆ ಅರ್ಧ ಕಾರಣ ಶನಿವಾರವೇ ಎಂಬುದು ನನ್ನ ಅಭಿಪ್ರಾಯ. ದಿನಸಿ, ಬಟ್ಟೆ, ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ, ಕೊಳ್ಳುವಾಗ ಕಟ್ಟಿದ್ದ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್‌ನಂತೆ ಠೇವಣಿ ಹಿಂಪಡೆಯುವುದು, ಇವೆಲ್ಲ ಶನಿವಾರ ಸಂಜೆಯೊಳಗೆ ಮುಗಿದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ರೈಲು ಹತ್ತಲು ಯಾವ ನೆಪವೂ ಉಳಿಯುವುದಿಲ್ಲ. ಚಳಿಗಾಲದಲ್ಲಿ ಹೊತ್ತು ಮೂಡುವುದೇ ಆಗ. ಹತ್ತಕ್ಕೆ ಎದ್ದು ಹೊರಟರೆ ಬೆಳಕಿನ ಅರ್ಧ ಭಾಗ ರೈಲಿನಲ್ಲೇ ಮುಗಿಯುತ್ತದೆ.

ಕೈಖರ್ಚಿಗೆ ಕೆಲಸ ಹುಡುಕುವುದಾದರೆ, ನಿಮ್ಮ ನಿವಾಸ ಪರವಾನಗಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನಗಳು ಅಥವಾ 280 ಅರ್ಧ ದಿನಗಳ ಮಿತಿಯಿದೆ. ಆದರೆ ಭಾನುವಾರದ ಪಾಳಿಯನ್ನು ಒಪ್ಪಿಕೊಳ್ಳಬೇಡಿ. ಸಹಪಾಠಿಗಳಿಗೆಲ್ಲ ಒಟ್ಟಿಗೆ ಬಿಡುವಿರುವ ದಿನ ಅದೊಂದೇ. ಅದನ್ನೂ ಕೊಟ್ಟುಬಿಟ್ಟರೆ ಪರಿಚಯಗಳು ತರಗತಿಯ ಬಾಗಿಲಿನಲ್ಲೇ ನಿಲ್ಲುತ್ತವೆ. ನಡೆಯಲು ಹೋಗೋಣವೇ ಎಂದು ಜರ್ಮನ್ ಸಹಪಾಠಿಗಳನ್ನು ಕೇಳಿ ನೋಡಿ. ಊಟಕ್ಕೆ ಕರೆದರೆ ತಿಂಗಳುಗಟ್ಟಲೆ ದಿನ ನೋಡುವವರು ನಡಿಗೆಗೆ ಮಾತ್ರ ತಕ್ಷಣ ಒಪ್ಪುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟಿಕೆಟ್ ಶುಲ್ಕದಲ್ಲೇ ಸೇರಿದೆ ಎಂದು ಈಗಷ್ಟೇ ಖಚಿತಪಡಿಸಿಕೊಂಡೆ. ಈ ವಾರ ರಾಟನ್‌ಗೆ ಹೋಗುವವನಿದ್ದೇನೆ. ಮಾರ್ಚ್‌ನಲ್ಲಿ ಪಕ್ಕದ ಝೆಕ್ ದೇಶದ ಪ್ರಾಗ್ ನೋಡುವ ಆಸೆಯೂ ಇದೆ, ಆದರೆ ನಿವಾಸ ಪರವಾನಗಿಯ ಕಾರ್ಡ್ ಇನ್ನೂ ಕೈಸೇರಿಲ್ಲ. ಹೋಗಬಹುದೇ?

ಉತ್ತರ 2 (ಲೈಪ್‌ಜಿಗ್)

ನಿಮ್ಮ ವಿದ್ಯಾರ್ಥಿ ವೀಸಾದ ಅವಧಿ ಅಷ್ಟರವರೆಗೆ ಇದ್ದರೆ ತೊಂದರೆಯಿಲ್ಲ. ಆ ವೀಸಾದಲ್ಲೂ ಪರವಾನಗಿ ಕಾರ್ಡ್‌ನಲ್ಲೂ ಇತರ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ವ್ಯವಸ್ಥೆಯ ಯುರೋಪಿನ ದೇಶಗಳು) ಪ್ರತಿ 180 ದಿನಗಳಲ್ಲಿ 90 ದಿನ ಇರಬಹುದು. ಅದರೊಳಗೆ ವೀಸಾ ಮುಗಿದು ಕೈಯಲ್ಲಿ ತಾತ್ಕಾಲಿಕ ಪತ್ರ ಮಾತ್ರ ಇದ್ದರೆ, ಗಡಿ ದಾಟುವ ಮೊದಲು ವಿದೇಶಿಯರ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ಹಿಂದಿರುಗುವಾಗ ಜರ್ಮನ್ ಪೊಲೀಸರು ರೈಲಿನಲ್ಲಿ ತಪಾಸಣೆ ಮಾಡುವುದುಂಟು, ಆದ್ದರಿಂದ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಪ್ರಾಗ್‌ಗೆ ನೇರ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದು, ಆದರೆ ಅದಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವುದಿಲ್ಲ. ಮುಂಚಿತವಾಗಿ ಕಾಯ್ದಿರಿಸಿದಷ್ಟೂ ದರ ಕಡಿಮೆ. ಅಲ್ಲಿ ಚಲಾವಣೆಯಲ್ಲಿರುವುದು ಯೂರೊ ಅಲ್ಲ, ಕೊರುನಾ.