ಅಪ್‌ಡೇಟ್: ಹೈವೇಯಲ್ಲಿ ಮಾತ್ರ ಬಿಸಿಯಾಗುತ್ತಿದ್ದ ಎಂಜಿನ್ ಸರಿಹೋಯಿತು

ವಿಜಯಪುರ ಊರೊಳಗೆ ಸುಮ್ಮನಿರುವ ನನ್ನ ಕಾರಿನ ಟೆಂಪರೇಚರ್ ಮುಳ್ಳು ಸೊಲ್ಲಾಪುರ ಹೈವೇಯಲ್ಲಿ ವೇಗ 80 ಕಿ.ಮೀ. ದಾಟಿದರೆ ಏರುತ್ತದೆ, ಯಾಕೆ ಅಂತ ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಕಾರಣ ಸಿಕ್ಕಿತು: ಎಂಜಿನ್‌ನ ಬಿಸಿ ನೀರನ್ನು ತಣ್ಣಗೆ ಮಾಡುವ ರೇಡಿಯೇಟರ್ ಒಳಗೆ ಕಟ್ಟಿಕೊಂಡಿತ್ತು.

ರೇಡಿಯೇಟರ್ ಫ್ಯಾನ್, ಅದನ್ನು ಆನ್ ಮಾಡುವ ರಿಲೇ ಸರಿ ಇದ್ದವು. ಆ ವೇಗದಲ್ಲಿ ಎದುರುಗಾಳಿಯೇ ಸಾಕು. ಫ್ಯಾನ್ ಕೆಟ್ಟಿದ್ದರೆ ಟ್ರಾಫಿಕ್‌ನಲ್ಲಿ ಬಿಸಿಯಾಗಬೇಕಿತ್ತು. ಎಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಬಿಚ್ಚಿ ಕಾಯುವ ನೀರಿಗೆ ಹಾಕಿದರೆ, ಅದರ ಮೇಲೆ ಬರೆದಿದ್ದ 82 ಡಿಗ್ರಿ ಹತ್ತಿರವೇ ತೆರೆಯಿತು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಅನುಮಾನವೂ ಹೋಯಿತು: ಕೂಲಂಟ್‌ಗೆ ಎಂಜಿನ್‌ನ ಹೊಗೆ ಸೇರುತ್ತಿದೆಯೇ ಎಂದು ನೋಡುವ ಬ್ಲಾಕ್ ಟೆಸ್ಟಿನ ನೀಲಿ ದ್ರವ ಹಳದಿಯಾಗಲಿಲ್ಲ.

ಕೆಲಸಕ್ಕೆ ಬಂದಿದ್ದು "ಕೆಳಗಿನ ಹೋಸ್ ನೋಡಿ" ಎಂಬ ಸಲಹೆ, ಅಂದರೆ ರೇಡಿಯೇಟರ್ ತಳದಿಂದ ನೀರಿನ ಪಂಪ್‌ಗೆ ಹೋಗುವ ರಬ್ಬರ್ ಪೈಪು. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಬಿಸಿ ಎಂಜಿನ್ ಅನ್ನು 3000 ಆರ್‌ಪಿಎಂಗೆ ಏರಿಸಿದಾಗ ಆ ಹೋಸ್ ಚಪ್ಪಟೆಯಾಗುತ್ತಿತ್ತು. ಪಂಪ್ ಎಳೆಯುವಷ್ಟು ನೀರನ್ನು ರೇಡಿಯೇಟರ್ ಬಿಡುತ್ತಿರಲಿಲ್ಲ. (ಎಂಜಿನ್ ಆರಿಸಿ ತಣ್ಣಗಾದ ಮೇಲೆ ಚಪ್ಪಟೆಯಾದರೆ ರೇಡಿಯೇಟರ್ ಮುಚ್ಚಳದ (ಕ್ಯಾಪ್) ವ್ಯಾಕ್ಯೂಮ್ ವಾಲ್ವ್ ನೋಡಿ, ಅದು ಬೇರೆ ರೋಗ.) ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ರೇಡಿಯೇಟರ್‌ನ ಕೋರ್ (ಟ್ಯೂಬುಗಳಿರುವ ಜಾಲರಿ) ನಡುಭಾಗ ಸುತ್ತಲಿಗಿಂತ ಸುಮಾರು 25 ಡಿಗ್ರಿ ತಣ್ಣಗೆ. ಅಲ್ಲಿ ನೀರೇ ಹರಿಯುತ್ತಿರಲಿಲ್ಲ. ಹಿಂದಿನ ಮಾಲೀಕರು ಬೋರ್‌ವೆಲ್ ನೀರು ಹಾಕುತ್ತಿದ್ದರಂತೆ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ಟ್ಯೂಬುಗಳಲ್ಲಿ ಕಲ್ಲಾಗಿತ್ತು.

ಫ್ಲಶ್ ಕೆಮಿಕಲ್ ಉಪಯೋಗಕ್ಕೆ ಬರಲಿಲ್ಲ. ಪೂರ್ತಿ ಮುಚ್ಚಿದ ಟ್ಯೂಬಿನೊಳಗೆ ಅದು ಹೋಗುವುದೇ ಇಲ್ಲ. ರೇಡಿಯೇಟರ್ ಬದಲಿಸಬೇಕಾಯಿತು. ಬಿಚ್ಚಿದಾಗ ಅಚ್ಚರಿ: ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಜೋಳದ ಹೊಟ್ಟು, ಧೂಳು ಗಟ್ಟಿಯಾಗಿ ಕೂತಿತ್ತು, ಮುಂದಿನಿಂದ ಕಾಣುವುದೇ ಇಲ್ಲ.

ಎಂಜಿನ್ ಬ್ಲಾಕ್‌ನ ಒಳಗನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ 50:50 ತುಂಬಿ, ಹೀಟರ್ ಫುಲ್ ಇಟ್ಟು ಗಾಳಿ ತೆಗೆದಿದ್ದಾಯಿತು. ಈಗ ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ 100ರಲ್ಲಿ ಓಡಿಸಿದರೂ ಮುಳ್ಳು ಅಲುಗುತ್ತಿಲ್ಲ.