ಪದಚರ್ಚೆ: ಬಂದೂಕಿನ ‘ಕುದುರೆ’ಯನ್ನು ಎಳೆಯದೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಜನಸಾಮಾನ್ಯರು ಮೆಷಿನ್ ಗನ್ ಇಟ್ಟುಕೊಳ್ಳುವುದಕ್ಕಿರುವ ನಿರ್ಬಂಧವನ್ನು ಒಂದೊಂದೇ ಗಂಟು ಬಿಚ್ಚಿ ಸಡಿಲಿಸಲು ಹೊರಟವರ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಟ್ರಿಗರ್. ನಮ್ಮ ಮಲೆನಾಡಿನ ಮನೆಯಲ್ಲಿ ಅದು ‘ಕುದುರೆ’. ತೋಟಕ್ಕೆ ಹಂದಿ ನುಗ್ಗಿದ ರಾತ್ರಿ ಅಜ್ಜ ಒಂಟಿ ನಳಿಗೆ ಕೋವಿ ಕೈಗೆ ಕೊಟ್ಟು, “ಕುದುರೆ ಎಳೆದ್ರೆ ಒಂದೇ ಈಡು, ನೋಡಿ ಹೊಡಿ” ಅನ್ನುತ್ತಿದ್ದರು. ತೊಡಕಿರುವುದು ಆ ‘ಎಳೆ’ಯಲ್ಲೇ. 1934ರ ಅಮೆರಿಕದ ಕಾಯ್ದೆ ಹೇಳುವುದು ಮೆಷಿನ್ ಗನ್ ಎಂದರೆ ಟ್ರಿಗರಿನ ‘ಸಿಂಗಲ್ ಫಂಕ್ಷನ್’ಗೆ (ಒಂದು ಸಲದ ಕೆಲಸಕ್ಕೆ) ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಬಂದೂಕು ಎಂದು, ಬೆರಳಿನ ಮಾತೇ ಅಲ್ಲಿಲ್ಲ. ಬಂಪ್ ಸ್ಟಾಕ್ (ಹೆಗಲಿಗೆ ಒರಗಿಸುವ ಹಿಂಬದಿಯ ಹಿಡಿಯ ಬದಲು ಕೂರಿಸುವ ಜಾರುವ ಹಿಡಿ) ಹಾಕಿದರೆ ಬೆರಳು ಇದ್ದಲ್ಲೇ ಇರುತ್ತದೆ, ಬಂದೂಕು ಹಿಂದೆಮುಂದೆ ಜಾರುತ್ತ ಕುದುರೆಯೇ ಬಂದು ಬೆರಳಿಗೆ ಬಡಿಯುತ್ತದೆ. ‘ಫಂಕ್ಷನ್ ಎಂದರೆ ಎಳೆತ’ ಎಂದು ಓದಿದ ಸರ್ಕಾರ 2018ರಲ್ಲಿ ಅದನ್ನು ಮೆಷಿನ್ ಗನ್ ಪಟ್ಟಿಗೆ ಸೇರಿಸಿತು. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರ ತೀರ್ಪಿನಲ್ಲಿ ಒಪ್ಪಲಿಲ್ಲ: ಒಂದೊಂದು ಗುಂಡಿಗೂ ಟ್ರಿಗರ್ ಹೊಸದಾಗಿ ಕೆಲಸ ಮಾಡುತ್ತದೆ ಎಂದಿತು. ಹಾಗಾಗಿ ನಾನು ‘ಒಮ್ಮೆ ಎಳೆದರೆ’ ಎಂದು ಬರೆದರೆ, ಸೋತ ಕಕ್ಷಿಯ ವಕಾಲತ್ತು ವಹಿಸಿದಂತೆಯೇ. ‘ಕುದುರೆಯ ಒಂದು ಚಲನೆ’ ಅಂದರೆ ಪುಸ್ತಕದ ಕುದುರೆ ಓಡಿದ ಹಾಗೆ ಕೇಳಿಸುತ್ತದೆ! ನಮ್ಮ 1959ರ ಆಯುಧ ಕಾಯ್ದೆಗೆ ಈ ಪೇಚಿಲ್ಲ. ಅದು ಟ್ರಿಗರಿನ ಮೇಲಿನ ಒತ್ತಡ ಬಿಡುವವರೆಗೆ ಅಥವಾ ಮ್ಯಾಗಜೀನ್ ಖಾಲಿಯಾಗುವವರೆಗೆ ಗುಂಡು ಹಾರುತ್ತಲೇ ಇರುವ ಬಂದೂಕು ಎನ್ನುತ್ತದೆ. ‘ಒತ್ತಿ ಹಿಡಿದಷ್ಟು ಹೊತ್ತು’ ಅಂದರೆ ಮುಗಿಯಿತು.

ಎರಡನೆಯದು ‘ಟ್ರಾನ್ಸ್‌ಫರಬಲ್’. 1986ರ ಮೇ 19ಕ್ಕೆ ಮುಂಚೆ ಕಾನೂನುಬದ್ಧವಾಗಿ ನೋಂದಣಿಯಾಗಿದ್ದ ಮೆಷಿನ್ ಗನ್ ಮಾತ್ರ ಖಾಸಗಿಯವರ ನಡುವೆ ಕೈಬದಲಾಗಬಹುದು. ‘ವರ್ಗಾಯಿಸಬಹುದಾದ’ ಎಂದರೆ ಯಾರೋ ಗುಮಾಸ್ತನನ್ನು ಬೀದರಿಗೆ ಕಳಿಸಿದಂತಾಗುತ್ತದೆ. ಜಮೀನಿನ ಕಾಗದದಲ್ಲಿ ಬರುವ ‘ಪರಭಾರೆ’ ನನಗೆ ಹಿಡಿಸಿದೆ. ಲೇಖನದ ಜೀವ ಇರುವುದೂ ಇಲ್ಲೇ. 2026ರ ಜನವರಿ 1ರಿಂದ ಸೈಲೆನ್ಸರ್, ಗಿಡ್ಡ ನಳಿಗೆಯ ಬಂದೂಕುಗಳ ಮೇಲಿನ 200 ಡಾಲರ್ ತೆರಿಗೆ ಸೊನ್ನೆಯಾಯಿತು. ಮೆಷಿನ್ ಗನ್‌ಗೆ ಈಗಲೂ 1934ರ ಅದೇ 200. ಅದನ್ನೂ ತೆಗೆದರೂ ಹೊಸದೊಂದು ಮನೆಗೆ ಬರುವುದಿಲ್ಲ, ಪರಭಾರೆಯ ಬಾಗಿಲು 1986ರಲ್ಲೇ ಮುಚ್ಚಿದೆ.

‘ಪರಭಾರೆ’ಯನ್ನು ಸ್ಥಿರಾಸ್ತಿ ಬಿಟ್ಟು ಬೇರೆಯದಕ್ಕೆ ಬಳಸಿದ್ದನ್ನು ಕಂಡವರಿದ್ದೀರಾ? ಕೊಡಗಿನವರು, ಬಡಗಣದವರು ಟ್ರಿಗರಿಗೆ ಏನೆನ್ನುತ್ತೀರಿ?