ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಕಾರಿನ ಕೆಲಸವನ್ನು ನಾವೇ ಮಾಡಿಕೊಳ್ಳುವುದು ಹೇಗೆ? ಅನುಭವವಿದ್ದವರು ತಿಳಿಸಿ

ಕೇಳಿಕೆ

ತಿಪಟೂರಿನ ನಮ್ಮ ಮನೆಗೆ ದೊಡ್ಡ ಅಂಗಳವಿತ್ತು. ನನ್ನ 2014ರ ವ್ಯಾಗನ್ ಆರ್ ಕಾರಿನ ಆಯಿಲ್, ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ಎಲ್ಲವನ್ನೂ ಅಲ್ಲಿ ನಾನೇ ಬದಲಿಸುತ್ತಿದ್ದೆ. ಹಳೆಯ ಆಯಿಲನ್ನು ಗೆದ್ದಲು ಹತ್ತದಿರಲೆಂದು ಕೊಟ್ಟಿಗೆಯ ಮರಕ್ಕೆ ಬಳಿಯುವುದು ನಮ್ಮಲ್ಲಿ ರೂಢಿಯಾಗಿತ್ತು. ಹೋದ ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟೊಂದಕ್ಕೆ ಬಂದೆವು. ಮೊನ್ನೆ ಭಾನುವಾರ ಬೇಸ್‌ಮೆಂಟಿನಲ್ಲಿ ಬಾನೆಟ್ ಎತ್ತಿ ನಿಂತಿದ್ದಾಗ ಸೆಕ್ಯುರಿಟಿಯವರು ಬಂದು, ಇಲ್ಲಿ ರಿಪೇರಿ ಮಾಡಬಾರದೆಂದು ಕಮಿಟಿಯವರು ಹೇಳಿದ್ದಾರೆ ಎಂದರು. ನಾನು ಈ ಕೆಲಸವನ್ನು ದುಡ್ಡು ಉಳಿಸುವುದಕ್ಕಾಗಿ ಮಾತ್ರ ಮಾಡುವವನಲ್ಲ. ನನಗೆ ಅದು ಇಷ್ಟ, ಬಿಡಲು ಮನಸ್ಸಿಲ್ಲ. ಯಾವ ಕೆಲಸವನ್ನು ಇಲ್ಲಿ ಮಾಡಬಹುದು, ಯಾವುದನ್ನು ಬಿಡಬೇಕು, ಹಳೆಯ ಆಯಿಲನ್ನು ಎಲ್ಲಿಗೆ ಕೊಡಬೇಕು, ಅಕ್ಕಪಕ್ಕದವರನ್ನು ಹೇಗೆ ಒಪ್ಪಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ವಿದ್ಯಾರಣ್ಯಪುರದಿಂದ

ಹನ್ನೊಂದು ವರ್ಷಗಳಿಂದ ಬೇಸ್‌ಮೆಂಟಿನಲ್ಲಿಯೇ ನನ್ನ ಕಾರಿನ ಕೆಲಸ ಮಾಡಿಕೊಂಡು ಬಂದಿದ್ದೇನೆ. ಅಂಗಳದಲ್ಲಿ ಕೆಲಸ ಮಾಡುವಾಗ ಆ ಕೆಲಸ ನಮಗೆ ಬರುತ್ತದೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಬೇಸ್‌ಮೆಂಟಿಗೆ ಬಂದ ಮೇಲೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ: ನಡುವೆ ಏನಾದರೂ ಕೈಕೊಟ್ಟರೆ, ಸಂಜೆಯೊಳಗೆ ಈ ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ತಾನೇ ಹೊರಗೆ ಹೋಗಬಲ್ಲದೇ? ಊರಿನಲ್ಲಿ ಬಿಚ್ಚಿಟ್ಟ ಕಾರು ವಾರಗಟ್ಟಲೆ ಹಾಗೇ ನಿಂತಿದ್ದರೂ ಕೇಳುವವರಿರುವುದಿಲ್ಲ. ಇಲ್ಲಿ ಅದು ಎರಡನೆಯ ದಿನವೂ ಜಾಕಿಯ ಮೇಲಿದ್ದರೆ, ನಿಮಗೆ ಎಷ್ಟೇ ಕೆಲಸ ಗೊತ್ತಿದ್ದರೂ, ನೆರೆಯವರ ಸಹನೆ ಮುಗಿಯುತ್ತದೆ.

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಕೆಲಸಗಳು ತಾವಾಗಿಯೇ ಬೇರ್ಪಡುತ್ತವೆ. ಏರ್ ಫಿಲ್ಟರ್, ಎ.ಸಿ. ಫಿಲ್ಟರ್, ವೈಪರ್, ಬಲ್ಬು, ಫ್ಯೂಸು ಮತ್ತು ಬ್ಯಾಟರಿಯ ಕೆಲಸಗಳನ್ನು ಯಾವ ಸಂಕೋಚವೂ ಇಲ್ಲದೆ ಮಾಡಬಹುದು. ನಿಮ್ಮ ಕಾರಿನದು ಮೂರು ಸಿಲಿಂಡರಿನ ಎಂಜಿನ್ ಆದ್ದರಿಂದ ಪ್ಲಗ್‌ಗಳೂ ಮೂರೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ, ಹೊಸದನ್ನು ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ ಕೂರಿಸಿದರೆ ತಿರುಪಿನ ಮರೆ (ಥ್ರೆಡ್) ಹಾಳಾಗುವ ಭಯವಿರುವುದಿಲ್ಲ. ಬ್ರೇಕ್ ಪ್ಯಾಡ್ ಬದಲಿಸುವುದು ಗಡಿಯ ಮೇಲಿರುವ ಕೆಲಸ. ನಾನು ಅದನ್ನು ಬೆಳಗ್ಗೆಯೇ ಶುರುಮಾಡುತ್ತೇನೆ. ಒಂದು ಬದಿಯನ್ನು ಪೂರ್ತಿ ಮುಗಿಸಿ ಚಕ್ರ ಹಾಕಿದ ಮೇಲೆಯೇ ಇನ್ನೊಂದು ಬದಿಯನ್ನು ಮುಟ್ಟುತ್ತೇನೆ. ಕ್ಲಚ್, ಸಸ್ಪೆನ್ಷನ್ ಮತ್ತು ಟೈಮಿಂಗಿಗೆ ಸಂಬಂಧಿಸಿದ ಕೆಲಸಗಳು ಬೇಸ್‌ಮೆಂಟಿಗೆ ಸಲ್ಲವು. ಪೆಟ್ರೋಲ್ ಪೈಪಾಗಲಿ ಟ್ಯಾಂಕಾಗಲಿ ಬಿಚ್ಚುವ ಮಾತನ್ನು ಅಲ್ಲಿ ಎತ್ತಲೇಬಾರದು, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ನೆಲಮಟ್ಟದಲ್ಲಿಯೇ ಹರಡಿ ನಿಂತು, ದೂರದ ಒಂದು ಸ್ವಿಚ್ಚಿನ ಕಿಡಿಗೂ ಹತ್ತಿಕೊಳ್ಳಬಲ್ಲದು.

ಎಂಜಿನ್ ಚಾಲೂ ಇಟ್ಟು ಪರೀಕ್ಷಿಸುವ ಅಭ್ಯಾಸವನ್ನೂ ಊರಿನಲ್ಲಿಯೇ ಬಿಟ್ಟು ಬರಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಜಾಗದಲ್ಲಿ ಅದು ತುಂಬಿಕೊಂಡದ್ದು ತಲೆ ಸುತ್ತುವವರೆಗೂ ತಿಳಿಯುವುದಿಲ್ಲ. ಆಯಿಲ್ ತೆಗೆಯುವ ಮೊದಲು ಎಂಜಿನ್ ಬೆಚ್ಚಗಿರಬೇಕಾದರೆ ಹತ್ತು ನಿಮಿಷ ರಸ್ತೆಯಲ್ಲಿ ಓಡಿಸಿಕೊಂಡು ಬರುವುದೇ ಸರಿಯಾದ ಕ್ರಮ.

ಆಯಿಲ್ ಬದಲಿಸಲು ನಾನು ಈಗ ಕಾರನ್ನು ಎತ್ತುವುದಿಲ್ಲ. ಆಯಿಲಿನ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇರುವ ಕೊಳವೆಯೊಳಕ್ಕೆ ಸಣ್ಣ ನಳಿಕೆ ಇಳಿಸಿ ಆಯಿಲನ್ನು ಮೇಲಿನಿಂದಲೇ ಎಳೆದುಕೊಳ್ಳುವ ಕೈಪಂಪು ಸಿಗುತ್ತದೆ. ಆಯಿಲ್ ನೇರವಾಗಿ ಪಂಪಿನ ಡಬ್ಬದೊಳಕ್ಕೆ ಬರುವುದರಿಂದ ನೆಲಕ್ಕೆ ಬೀಳುವುದಿಲ್ಲ. ಎಷ್ಟು ಹೊರಬಂತೆಂಬುದನ್ನು ಅಳೆದು, ಕಾರಿನ ಪುಸ್ತಕದಲ್ಲಿರುವ ಪ್ರಮಾಣದೊಂದಿಗೆ ಹೋಲಿಸಬಹುದು. ಆದರೆ ಫಿಲ್ಟರಿಗೆ ಕೆಳಗಿನಿಂದಲೇ ಕೈಹಾಕಬೇಕಾದ ಕಾರುಗಳಲ್ಲಿ ಇದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಫಿಲ್ಟರ್ ಬಿಚ್ಚಿದಾಗಲೂ ಒಂದಿಷ್ಟು ಆಯಿಲ್ ಸುರಿಯುತ್ತದೆ ಎಂಬುದನ್ನು ಮರೆಯಬಾರದು. ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಟ್ಟು, ಅದರ ಮೇಲೆ ಅಗಲವಾದ ತಟ್ಟೆ, ಈ ಮೂರನ್ನೂ ಹಾಸಿದ ಮೇಲೆಯೇ ಪಾನಾ ಕೈಗೆತ್ತಿಕೊಳ್ಳಬೇಕು. ಅಷ್ಟಾದರೂ ಚೆಲ್ಲಿದರೆ ಕೂಡಲೇ ಮರದ ಹೊಟ್ಟು ಸುರಿದು, ಅದು ಹೀರಿಕೊಂಡ ಮೇಲೆ ಗುಡಿಸಿ, ಆಮೇಲೆ ಸೋಪಿನ ಪುಡಿಯಿಂದ ಉಜ್ಜಿ ಬಟ್ಟೆಯಲ್ಲಿ ಒರೆಸಬೇಕು. ಹೊಟ್ಟು ಹಾಕುವ ಮೊದಲೇ ನೀರು ಸುರಿದರೆ ಆಯಿಲ್ ಪಕ್ಕದವರ ಜಾಗದವರೆಗೂ ತೇಲಿಕೊಂಡು ಹೋಗುತ್ತದೆ.

ಜಾಕಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆರಂಭದ ದಿನಗಳಲ್ಲಿ ಒಮ್ಮೆ ಬೇಸ್‌ಮೆಂಟಿನಲ್ಲಿ ಬೆಳಕು ಸಾಲದೆಂದು ಕಾರನ್ನು ಹೊರಗಿನ ಇಂಟರ್‌ಲಾಕ್ ಕಲ್ಲುಗಳ ಮೇಲೆ ನಿಲ್ಲಿಸಿ ಎತ್ತಿದೆ. ಆ ಕಲ್ಲುಗಳ ಕೆಳಗಿರುವುದು ಮರಳಿನ ಹಾಸು. ಭಾರ ಬಿದ್ದ ಕಲ್ಲೊಂದು ಒಂದೇ ಬದಿಗೆ ಕುಸಿದು, ಜಾಕಿ ವಾಲಿ, ಕಾರು ಜಾರಿ ಇಳಿಯಿತು. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟಿದ್ದರಿಂದ ಕಾರಿನ ಭಾರ ಅದರ ಮೇಲೆ ನಿಂತಿತು; ನನ್ನ ಕೈ ಆಗ ಕೆಳಗಿರಲಿಲ್ಲ. ಅಂದಿನಿಂದ ಗಟ್ಟಿ ಕಾಂಕ್ರೀಟಿನ ಮೇಲಲ್ಲದೆ ಬೇರೆಲ್ಲಿಯೂ ಕಾರನ್ನು ಎತ್ತುವುದಿಲ್ಲ. ಬೇಸ್‌ಮೆಂಟಿನ ನೆಲಕ್ಕೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಅದು ಕಾಣದಿದ್ದರೂ ಚಕ್ರಕ್ಕೆ ತಿಳಿಯುತ್ತದೆ. ಆದ್ದರಿಂದ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಇಡಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕೆ ಸ್ಟ್ಯಾಂಡ್ ಬೇಕೇ ಬೇಕು. ಹಾಲೋಬ್ಲಾಕಿನ ಮೇಲೆ ಕಾರು ನಿಲ್ಲಿಸುವವರನ್ನು ನೋಡಿದ್ದೇನೆ. ಅದು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ: ಮೂರು ವರ್ಷ ಅಸೋಸಿಯೇಷನ್ ಕಾರ್ಯದರ್ಶಿಯಾಗಿದ್ದವರಿಂದ

ಮೇಲಿನ ಉತ್ತರದಲ್ಲಿ ಹೇಳಿದ್ದನ್ನೆಲ್ಲ ಒಪ್ಪುತ್ತಾ, ಕಮಿಟಿಯ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ತಿಳಿಸುತ್ತೇನೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಬೇಸ್‌ಮೆಂಟನ್ನೂ ವಾಹನ ನಿಲುಗಡೆಯ ಜಾಗವನ್ನೂ ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ನಿಮ್ಮ ಫ್ಲ್ಯಾಟಿನ ನಂಬರ್ ಬರೆದ ಜಾಗದಲ್ಲಿ ಕಾರು ನಿಲ್ಲಿಸುವ ಹಕ್ಕು ನಿಮಗಿದೆ, ಆದರೆ ಆ ನೆಲದಲ್ಲಿ ಏನು ನಡೆಯಬೇಕೆಂಬುದರಲ್ಲಿ ಎಲ್ಲರಿಗೂ ಮಾತಿದೆ. ‘ಇದು ನನ್ನ ಜಾಗ’ ಎಂದು ವಾದ ಆರಂಭಿಸಿದವರಿಗೆ ನಮ್ಮಲ್ಲಿ ಅನುಮತಿ ಸಿಗಲಿಲ್ಲ. ಒಂದು ಪುಟದ ಪತ್ರ ಬರೆದುಕೊಟ್ಟವರಿಗೆ ಸಿಕ್ಕಿತು.

ಆ ಪತ್ರದಲ್ಲಿ ಇದ್ದದ್ದು ಇಷ್ಟೇ: ಬೆಳಗ್ಗೆ 10ರಿಂದ 1ರವರೆಗೆ, ಮಧ್ಯಾಹ್ನ 3ರಿಂದ 6ರವರೆಗೆ ಮಾತ್ರ ಕೆಲಸ ಮಾಡುತ್ತೇನೆ, ಎಂಜಿನ್ ಚಾಲೂ ಇಡುವುದಿಲ್ಲ, ಪೆಟ್ರೋಲ್ ಮುಟ್ಟುವ ಯಾವ ಕೆಲಸವನ್ನೂ ಮಾಡುವುದಿಲ್ಲ, ಸಾಮಾನ್ಯ ವಿದ್ಯುತ್ ಬಳಸದೆ ನನ್ನದೇ ಬ್ಯಾಟರಿ ದೀಪ ತರುತ್ತೇನೆ, ಬೆಂಕಿ ನಂದಿಸುವ ಸಣ್ಣ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ, ಅದೇ ದಿನ ಜಾಗ ತೆರವು ಮಾಡುತ್ತೇನೆ. ವಿದ್ಯುತ್ತಿನ ಮಾತು ಸಣ್ಣದೆನಿಸಬಹುದು, ಆದರೆ ನಮ್ಮ ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾದದ್ದು ಅದೇ.

ನಮ್ಮ ನಿಜವಾದ ಭಯ ಇದ್ದದ್ದು ಚರಂಡಿಯ ಬಗ್ಗೆ. ನಮ್ಮ ಬೇಸ್‌ಮೆಂಟಿನ ಒಂದು ಬದಿಯ ನೀರು ಮಳೆನೀರಿನ ಇಂಗುಗುಂಡಿಗೆ ಹೋಗುತ್ತದೆ, ಇನ್ನೊಂದು ಬದಿಯದು ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ. ಮೊದಲನೆಯದಕ್ಕೆ ಆಯಿಲ್ ಸೇರಿದರೆ ಅಂತರ್ಜಲ ಕೆಡುತ್ತದೆ, ಆ ನೀರನ್ನೇ ನಮ್ಮ ಬೋರ್‌ವೆಲ್ ಮೇಲೆತ್ತುತ್ತದೆ. ಎರಡನೆಯದಕ್ಕೆ ಸೇರಿದರೆ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಅವು ಮತ್ತೆ ಬೆಳೆಯುವವರೆಗೆ ಘಟಕ ನಾರುತ್ತದೆ. ನಿಮ್ಮ ಜಾಗದ ನೀರು ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಪ್ಲಂಬರನ್ನು ಕೇಳಿ ತಿಳಿದುಕೊಂಡೇ ಕಮಿಟಿಯ ಮುಂದೆ ಹೋಗಿ. ಅದನ್ನು ತಿಳಿದುಕೊಂಡು ಬಂದವರ ಮಾತನ್ನು ನಾವು ಬೇರೆ ರೀತಿಯಲ್ಲಿಯೇ ಕೇಳುತ್ತಿದ್ದೆವು.

ಹಳೆಯ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ನಾವು ಮಾಡಬೇಕಾದದ್ದು ಸರಳ: ಹೊಸ ಆಯಿಲ್ ಬಂದ ಡಬ್ಬದಲ್ಲಿಯೇ ಹಳೆಯದನ್ನು ತುಂಬಿ, ಬಿಗಿಯಾಗಿ ಮುಚ್ಚಿ, ನೋಂದಾಯಿತ ಸಂಗ್ರಹಕಾರರಿಗೆ ಆಯಿಲ್ ಕೊಡುವ ಸರ್ವಿಸ್ ಸೆಂಟರಿಗೆ ಒಪ್ಪಿಸುವುದು. ಅದಕ್ಕೆ ಕೂಲೆಂಟಾಗಲಿ (ಎಂಜಿನ್ ತಣ್ಣಗಿಡುವ ದ್ರವ) ಪೆಟ್ರೋಲಾಗಲಿ ಬೆರೆಸಿದರೆ ಸಂಸ್ಕರಿಸುವುದು ಕಷ್ಟವಾಗುತ್ತದೆ. ಕಟ್ಟಡದ ಸೆಂಟ್ರಿಂಗ್ ಹಲಗೆಗಳಿಗೆ ಬಳಿಯಲು ಕೇಳಿಕೊಂಡು ಬರುವವರಿದ್ದಾರೆ, ಕೊಡಬೇಡಿ. ಮರಕ್ಕೆ ಬಳಿಯುವ ರೂಢಿಯನ್ನೂ ಬಿಡುವುದು ಒಳ್ಳೆಯದು, ಏಕೆಂದರೆ ಉಪಯೋಗಿಸಿದ ಆಯಿಲಿನಲ್ಲಿ ಸವೆದ ಲೋಹಗಳ ಕಣಗಳೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ, ಚರ್ಮಕ್ಕೆ ಮೇಲಿಂದ ಮೇಲೆ ತಾಗುವುದು ಹಿತವಲ್ಲ. ಕೈಗವಸು ಹಾಕಿಕೊಳ್ಳಿ.

ಕಾರು ತೊಳೆಯುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2024ರ ಮಾರ್ಚಿನಲ್ಲಿ ನೀರಿನ ಅಭಾವವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಅಂದಿನಿಂದ ನಮ್ಮಲ್ಲಿ ಪೈಪು ಹಿಡಿಯುವುದು ನಿಂತಿದೆ. ಬಕೆಟ್ ಮತ್ತು ಒದ್ದೆ ಬಟ್ಟೆ ಸಾಕಾಗುತ್ತದೆ.

ಉತ್ತರ: ಮೈಸೂರಿನಿಂದ

ನಾನು ಗೃಹಿಣಿ. ಕಾರನ್ನು ಎತ್ತುವ ಯಾವ ಕೆಲಸವನ್ನೂ ಮಾಡುವುದಿಲ್ಲ, ಆದರೂ ವರ್ಷದಲ್ಲಿ ಎಷ್ಟೋ ಸಲ ಗ್ಯಾರೇಜಿಗೆ ಹೋಗುವುದನ್ನು ತಪ್ಪಿಸಿಕೊಂಡಿದ್ದೇನೆ. ಸಾವಿರ ರೂಪಾಯಿಯೊಳಗೆ ಸಿಗುವ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಕಾರು ಕೆಲವು ಗಂಟೆ ನಿಂತ ಮೇಲೆ, ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಚಾಲೂ ಆದಾಗ ಬಹಳಷ್ಟು ಕಾರುಗಳಲ್ಲಿ ಅದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ತೊಂದರೆ ಬ್ಯಾಟರಿಯದಲ್ಲ, ಚಾರ್ಜ್ ಮಾಡುವ ಆಲ್ಟರ್ನೇಟರಿನ ಕಡೆಯದು. ಇದು ತಿಳಿಯದೆ ನಾನೊಮ್ಮೆ ಚೆನ್ನಾಗಿದ್ದ ಬ್ಯಾಟರಿಯನ್ನೇ ಬದಲಿಸಿದ್ದೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಹಳೆಯ ಬ್ಯಾಟರಿಯನ್ನು ಅಂಗಡಿಯವರೇ ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ.

ಅಪಾರ್ಟ್‌ಮೆಂಟಿನ ಇಲಿಗಳ ಬಗ್ಗೆ ಯಾರೂ ಹೇಳಿಲ್ಲ. ಹದಿನೈದು ದಿನ ನಿಂತ ಕಾರಿನಲ್ಲಿ ವೈರಿಂಗ್ ಕಡಿದು ಹಾಕಿದ್ದವು. ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ಟಿನ ಕೆಳಗೆ ಬಿಸಿ ತಾಗದ ಕಡೆ ತೂಗುಬಿಡುವುದು ನಮ್ಮಲ್ಲಿ ಅನೇಕರ ಅಭ್ಯಾಸ. ನನಗೆ ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಮತ್ತು ಕಾರನ್ನು ನಿಲ್ಲಿಸಿಯೇ ಬಿಡದಿರುವುದು. ಇನ್ನೊಂದು ಮಾತು, ಕೂಲೆಂಟನ್ನು ತೆರೆದ ತಟ್ಟೆಯಲ್ಲಿ ಬಿಟ್ಟು ಮನೆಗೆ ಹೋಗಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಅವುಗಳ ಮೂತ್ರಪಿಂಡ ಕೆಟ್ಟು ಪ್ರಾಣ ಹೋಗುತ್ತದೆ.

ಉತ್ತರ: ಬಸವನಗುಡಿಯಿಂದ

ನಮ್ಮ ಕಮಿಟಿ ಏನು ಮಾಡಿದರೂ ಒಪ್ಪಲಿಲ್ಲ. ನಾನು ಮನೆಯ ಹತ್ತಿರದ ಸಣ್ಣ ಗ್ಯಾರೇಜಿನವರನ್ನು ಕೇಳಿಕೊಂಡೆ. ವಾರದ ನಡುವೆ ಮಧ್ಯಾಹ್ನ ಅವರ ಲಿಫ್ಟ್ ಖಾಲಿ ಇರುವ ಹೊತ್ತಿನಲ್ಲಿ, ಗಂಟೆಗೆ ಇಷ್ಟೆಂದು ಹಣ ಕೊಟ್ಟು, ನನ್ನದೇ ಪಾನಾಗಳಿಂದ ಕೆಲಸ ಮಾಡಿಕೊಳ್ಳುತ್ತೇನೆ. ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಿಂದ ಮೊದಲೇ ತಂದಿಟ್ಟುಕೊಂಡಿರುತ್ತೇನೆ; ಹಳೆಯ ಭಾಗದ ನಂಬರನ್ನು ಫೋಟೊ ತೆಗೆದುಕೊಂಡು ಹೋದರೆ ಅಲ್ಲಿ ತಪ್ಪು ಭಾಗ ಕೈಗೆ ಬರುವುದಿಲ್ಲ. ಬೋಲ್ಟ್ ತುಕ್ಕು ಹಿಡಿದು ಬಾರದಿದ್ದಾಗ ಪಕ್ಕದಲ್ಲೇ ಮೇಸ್ತ್ರಿ ಇರುತ್ತಾರೆ, ಹಳೆಯ ಆಯಿಲ್ ಅವರ ಪೀಪಾಯಿಗೇ ಸೇರುತ್ತದೆ. ಕ್ಲಚ್ಚಿನಂತಹ ಕೆಲಸವನ್ನೂ ಅವರ ಜೊತೆ ನಿಂತು ಕಲಿತದ್ದು ಇಲ್ಲಿಯೇ. ಬೇಸ್‌ಮೆಂಟಿನಲ್ಲಿ ಅನುಮತಿ ಸಿಕ್ಕಿದ್ದರೆ ನನಗೆ ಈ ಕಲಿಕೆ ಆಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪತ್ರ ಬರೆದುಕೊಡಲು ನಿರ್ಧರಿಸಿದ್ದೇನೆ. ಸಾಮಾನುಗಳನ್ನು ಎಲ್ಲಿಡುತ್ತೀರಿ, ಅನುಮತಿ ಸಿಕ್ಕಿದರೆ ಮೊದಲ ದಿನ ಯಾವ ಕೆಲಸ ಹಿಡಿಯುವುದು ಒಳ್ಳೆಯದು ಎಂಬುದನ್ನೂ ತಿಳಿಸುವಿರಾ?

ಉತ್ತರ: ವಿದ್ಯಾರಣ್ಯಪುರದಿಂದ

ಬೇಸ್‌ಮೆಂಟಿನಲ್ಲಿ ಪೆಟ್ಟಿಗೆ ಇಡಬೇಡಿ, ಅದೇ ಮುಂದಿನ ದೂರಿಗೆ ಕಾರಣವಾಗುತ್ತದೆ. ಪಾನಾ ಸೆಟ್, ಬಿಗಿಯನ್ನು ಅಳತೆಗೆ ತಕ್ಕಂತೆ ಕೊಡುವ ಟಾರ್ಕ್ ರೆಂಚ್, ತಲೆಗೆ ಕಟ್ಟುವ ದೀಪ, ಕೈಗವಸು ಎಲ್ಲವೂ ಒಂದು ಚೀಲದಲ್ಲಿ ಹಿಡಿಯುತ್ತವೆ, ಅದನ್ನು ಮನೆಯಲ್ಲಿಡುತ್ತೇನೆ. ಜಾಕಿ, ಸ್ಟ್ಯಾಂಡ್‌ಗಳು ಡಿಕ್ಕಿಯಲ್ಲಿರುತ್ತವೆ. ಆಯಿಲ್ ಡಬ್ಬವನ್ನು ಅಡುಗೆಮನೆಗೆ ಹೊಂದಿದ ಬಾಲ್ಕನಿಯಲ್ಲಿ ಇಡುವುದಿಲ್ಲ.

ಮೊದಲ ದಿನ ಚಕ್ರಗಳ ಜಾಗ ಬದಲಿಸುವ ಕೆಲಸ ಹಿಡಿಯಿರಿ. ಏನೂ ಚೆಲ್ಲುವುದಿಲ್ಲ, ಸದ್ದಿಲ್ಲ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಜಾಕಿ, ಸ್ಟ್ಯಾಂಡ್, ಅಡ್ಡಗಟ್ಟೆಗಳು ನಿಮ್ಮ ನೆಲದಲ್ಲಿ ಹೇಗೆ ಕೂರುತ್ತವೆ ಎಂಬುದೂ ತಿಳಿಯುತ್ತದೆ. ನಟ್ಟುಗಳನ್ನು ಅಡ್ಡಡ್ಡವಾಗಿ ಎದುರುಬದುರು ಬಿಗಿಯುತ್ತಾ ಬಂದು, ಕೊನೆಯ ಬಿಗಿಯನ್ನು ಕಾರಿನ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದಲೇ ಕೊಡಿ, 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಕೆಲಸಕ್ಕೆ ಮೊದಲು ಖಾಲಿ ನೆಲದ ಒಂದು ಫೋಟೊ, ಮುಗಿದ ಮೇಲೆ ಅದೇ ನೆಲದ ಇನ್ನೊಂದು ಫೋಟೊ ತೆಗೆದು, ಯಾರೂ ಕೇಳುವ ಮೊದಲೇ ಕಾರ್ಯದರ್ಶಿಯವರಿಗೆ ಕಳುಹಿಸಿ. ನಾನು ಮೊದಲ ವರ್ಷವಿಡೀ ಹಾಗೆ ಕಳುಹಿಸಿದೆ. ಎರಡನೆಯ ವರ್ಷ ಅವರೇ ತಮ್ಮ ಕಾರಿನ ವೈಪರ್ ಬದಲಿಸುವುದನ್ನು ತೋರಿಸಿಕೊಡಿ ಎಂದು ಕೆಳಗೆ ಇಳಿದು ಬಂದರು.